ಹುಳಿಗೆ ಮುಪ್ಪಿಲ್ಲ, ಬಣ್ಣಕ್ಕೆ ಮುಪ್ಪಿದೆ

ಮಕ್ಕಳೇ, "ಹುಣಸೆ ಮರ ಮುಪ್ಪಾದರೂ ಹುಳಿ ಮುಪ್ಪೇ?" ಅನ್ನೋ ಗಾದೆ ಕೇಳಿದ್ದೀರಲ್ವಾ? ಅದು ಮರದ ಮಾತಾಯಿತು. ಡಬ್ಬಿಯಲ್ಲಿಟ್ಟ ಹಣ್ಣಿಗೂ ಈ ಮಾತು ನಿಜವೇ? ನೋಡೋಣ ಬನ್ನಿ.

ಬೇಸಿಗೆ ಬಂತೆಂದರೆ ಹಿಂದೂಪುರದ ಮಾರುಕಟ್ಟೆಯಲ್ಲಿ ಹುಣಸೆಹಣ್ಣಿನ ರಾಶಿ. ಕಲ್ಯಾಣದುರ್ಗದ ಕಡೆಯ ಹಳ್ಳಿಗಳಲ್ಲೂ ಅಮ್ಮ, ಅಜ್ಜಿ ಕೂತು ಹಣ್ಣು ಕುಟ್ಟಿ, ನಾರು ತೆಗೆದು, ಬೀಜ ಬಿಡಿಸುತ್ತಾರೆ. ಹೊಸ ಹಣ್ಣಿನ ಬಣ್ಣ ಕೆಂಗಂದು. ಮುಂದಿನ ಬೇಸಿಗೆಗೆ ಅದೇ ಹಣ್ಣು ಕಪ್ಪಾಗಿರುತ್ತದೆ. ಕಪ್ಪಾದರೆ ದರ ಬೀಳುತ್ತದೆ. ಅದಕ್ಕೇ ಇಟ್ಟುಕೊಳ್ಳಲು ಜಾಗವಿಲ್ಲದವರು ಸುಗ್ಗಿಯಲ್ಲೇ ಸಿಕ್ಕ ದರಕ್ಕೆ ಮಾರಿಬಿಡುತ್ತಾರೆ.

ಹಣ್ಣು ಕಪ್ಪಾಗೋದು ಯಾಕೆ? ಹುಣಸೆಯಲ್ಲಿ ಹುಳಿಯ ಜೊತೆಗೆ ಸಕ್ಕರೆಯೂ ಇದೆ, ಅಮೈನೋ ಆಮ್ಲಗಳೂ ಇವೆ. ಇವೆರಡೂ ನಿಧಾನವಾಗಿ ಸೇರಿ ಕಂದು ಬಣ್ಣದ ವಸ್ತುಗಳಾಗುತ್ತವೆ. ಇದೇ ಮೇಯಾರ್ಡ್ ಕ್ರಿಯೆ. ರೊಟ್ಟಿ ಹೆಂಚಿನ ಮೇಲೆ ಕೆಂಪಾಗುವುದೂ ಇದರಿಂದಲೇ. ಗಾಳಿಯ ಆಕ್ಸಿಜನ್ ಕೂಡ ಹಣ್ಣಿನ ಒಗರು ವಸ್ತುಗಳನ್ನು ಕಪ್ಪಾಗಿಸುತ್ತದೆ. ಸೆಕೆ, ತೇವ ಹೆಚ್ಚಾದರೆ ಈ ಕೆಲಸ ಬೇಗ ನಡೆಯುತ್ತದೆ.

ಆದರೆ ಹುಳಿ? ಅದು ಟಾರ್ಟಾರಿಕ್ ಆಮ್ಲ. ಬಹಳ ಸ್ಥಿರವಾದದ್ದು. ಮಾವು ಹಣ್ಣಾದರೆ ಹುಳಿ ಇಳಿಯುತ್ತದೆ. ಹುಣಸೆ ಹಣ್ಣಾದರೆ ಸಿಹಿ ಏರುತ್ತದೆ, ಹುಳಿ ಮಾತ್ರ ಉಳಿಯುತ್ತದೆ. ಕಪ್ಪಾದ ಹುಣಸೆಯ ಸಾರೂ ಹುಳಿಯೇ ಅಲ್ವಾ?

ಇದೇ ಆಮ್ಲ ದ್ರಾಕ್ಷಿಯಲ್ಲೂ ಇದೆ. ಸ್ಪೇನ್ ದೇಶದ ರಿಯೋಹಾ ಪ್ರಾಂತ್ಯದಲ್ಲಿ ದ್ರಾಕ್ಷಿಯಿಂದ ಮಾಡಿದ ಕೆಂಪು ವೈನನ್ನು ಓಕ್ ಮರದ ಪೀಪಾಯಿಗಳಲ್ಲಿ ಇಟ್ಟು ಹಳತು ಮಾಡುತ್ತಾರೆ. 'ಗ್ರಾನ್ ರೆಸೆರ್ವಾ' ಅನ್ನಿಸಿಕೊಳ್ಳಲು ಕನಿಷ್ಠ 5 ವರ್ಷ, ಅದರಲ್ಲಿ 2 ವರ್ಷವಾದರೂ ಪೀಪಾಯಿಯಲ್ಲಿ ಕಳೆಯಬೇಕು. ಮರದ ಮೂಲಕ ಆಕ್ಸಿಜನ್ ತುಸುತುಸುವೇ ಒಳಗೆ ಹೋಗುತ್ತದೆ. ಒಗರು ತಗ್ಗುತ್ತದೆ, ಕೆಂಪು ಬಣ್ಣ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಟಾರ್ಟಾರಿಕ್ ಆಮ್ಲದ ಒಂದು ಪಾಲು ಹರಳಾಗಿ ತಳಕ್ಕೆ ಕೂರುತ್ತದೆ, ಉಳಿದದ್ದು ಹಾಗೇ ಇರುತ್ತದೆ. (ಕುಡಿಯಲು ಹೇಳುತ್ತಿಲ್ಲ, ರಸಾಯನಶಾಸ್ತ್ರ ಹೇಳುತ್ತಿದ್ದೇನೆ!)

ಅಲ್ಲಿಯವರು ಬದಲಾವಣೆ ಬೇಕೆಂದು ಗಾಳಿಯನ್ನು ಅಳತೆಯಲ್ಲಿ ಬಿಡುತ್ತಾರೆ. ನಮ್ಮವರು ಬೇಡವೆಂದು ತಡೆಯುತ್ತಾರೆ. ಹಿಂದೂಪುರದ ವ್ಯಾಪಾರಿಗಳು ಹುಣಸೆಯನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುವುದು ಇದಕ್ಕೇ. ತಂಪಿನಲ್ಲಿ ರಾಸಾಯನಿಕ ಕ್ರಿಯೆಗಳು ನಿಧಾನವಾಗುತ್ತವೆ.

ಮಾಡಿ ನೋಡಿ: ಒಂದೇ ಮರದ ಹೊಸ ಹಣ್ಣನ್ನು ಎರಡು ಒಣ ಬಾಟಲಿಗಳಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ. ಒಂದನ್ನು ಫ್ರಿಜ್ಜಿನಲ್ಲಿ, ಇನ್ನೊಂದನ್ನು ಅಡುಗೆಮನೆಯ ಗೂಡಿನಲ್ಲಿ ಇಡಿ. ಪ್ರತಿ ತಿಂಗಳು ಬಣ್ಣ ಬರೆದುಕೊಳ್ಳಿ. 6 ತಿಂಗಳಾದ ಮೇಲೆ ಎರಡನ್ನೂ ನೀರಲ್ಲಿ ನೆನೆಸಿ, ನೀಲಿ ಲಿಟ್ಮಸ್ ಕಾಗದ ಅದ್ದಿ ನೋಡಿ.

ಹಣ್ಣಿನ ಬಣ್ಣ ಬೇರೆಯಾದರೂ ಕಾಗದ ಎರಡರಲ್ಲೂ ಕೆಂಪಾದರೆ, ಗಾದೆ ಕಟ್ಟಿದ ಹಿರಿಯರಿಗೆ ಒಂದು ನಮಸ್ಕಾರ ಹೇಳಿ.