ಒಣಗುತ್ತ ಬಾಗುವ ಮರ

ಮನೆ ಕಟ್ಟಿಸುವವರಿಗೆ ಈಗ ಕಂಪ್ಯೂಟರಿನಲ್ಲಿ ತೋರಿಸುವ ಬಣ್ಣಬಣ್ಣದ ಚಿತ್ರವನ್ನೇ ಬಹಳ ಜನ ಸಿಮ್ಯುಲೇಶನ್ ಎಂದುಕೊಂಡಿದ್ದಾರೆ. ಅದು ಚಿತ್ರ ಅಷ್ಟೆ. ಅಲ್ಲಿನ ತೊಲೆಗೆ ಭಾರವಿಲ್ಲ, ಗೋಡೆ ಬಿಸಿಲಿಗೆ ಕಾಯುವುದಿಲ್ಲ. ಸಿಮ್ಯುಲೇಶನ್ ಎಂದರೆ ಲೆಕ್ಕ. ಇಷ್ಟು ದಪ್ಪದ, ಇಷ್ಟು ಗಡುಸಿನ ವಸ್ತುವಿನ ಮೇಲೆ ಇಷ್ಟು ಭಾರ ಬಿದ್ದರೆ, ಅದರೊಳಗಿನ ನೀರು ಇಷ್ಟು ಆರಿದರೆ, ಎಲ್ಲಿ ಎಷ್ಟು ಬಾಗುತ್ತದೆ ಎಂದು ಕಟ್ಟುವ ಮೊದಲೇ ಹೇಳುವ ಲೆಕ್ಕ. ವಸ್ತುವನ್ನು ಸಾವಿರಾರು ಸಣ್ಣ ತುಣುಕುಗಳಾಗಿ ಭಾವಿಸಿ, ಪ್ರತಿ ತುಣುಕಿನ ಎಳೆತ ಒತ್ತಡಗಳನ್ನು ಅಕ್ಕಪಕ್ಕದವುಗಳ ಜೊತೆ ಸರಿತೂಗಿಸುತ್ತ ಹೋಗುವುದು ಇದರ ಸಾಮಾನ್ಯ ವಿಧಾನ. ವ್ಯಾಖ್ಯೆ ಇಷ್ಟು ಸಾಕು. ನನಗೆ ಹೇಳಬೇಕಾಗಿರುವುದು ಮರದ ವಿಷಯ.

ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ ಫ್ರೈ ಒಟ್ಟೊ ಎಂಬ ವಾಸ್ತುಶಿಲ್ಪಿ 1964ರಿಂದ ಹಗುರ ರಚನೆಗಳ ಸಂಸ್ಥೆ ನಡೆಸಿದರು. ಸಾಬೂನಿನ ಪೊರೆ, ಇಳಿಬಿಟ್ಟ ಸರಪಳಿ ಇವೇ ಅವರಿಗೆ ಲೆಕ್ಕದ ಸಾಧನಗಳು. ಆಕಾರವನ್ನು ವಸ್ತುವೇ ಹುಡುಕಿಕೊಳ್ಳಲಿ ಎಂಬ ಆ ಯೋಚನೆ ಅದೇ ಊರಿನಲ್ಲಿ ಅಖಿಮ್ ಮೆಂಗಸ್ ಅವರ ಸಂಶೋಧನಾ ತಂಡದ ಕೈಯಲ್ಲಿ ಕಂಪ್ಯೂಟರಿನ ಜೊತೆಗೂಡಿತು. 2019ರಲ್ಲಿ ಸ್ಟುಟ್‌ಗಾರ್ಟ್‌ಗೆ ಹತ್ತಿರದ ಉರ್ಬಾಖ್‌ನಲ್ಲಿ 14 ಮೀಟರ್ ಎತ್ತರದ ಮರದ ಗೋಪುರವೊಂದು ಎದ್ದಿತು. ಬಾಗಿದ 12 ಬೃಹತ್ ಹಲಗೆಗಳು ಕೂಡಿ ಆದ ಗೋಪುರ ಅದು. ಹಲಗೆಯ ದಪ್ಪ ಕೇವಲ 90 ಮಿಲಿಮೀಟರ್. ಆ ಬಾಗು ಬಂದದ್ದು ಭಾರಿ ಅಚ್ಚಿನಲ್ಲಿ ಒತ್ತಿದ್ದರಿಂದಲ್ಲ, ಮರ ಒಣಗಿದ್ದರಿಂದ!

ಇದು ಹೇಗೆ? ಮಳೆಗಾಲದಲ್ಲಿ ಬಿಗಿಯಾಗುವ ಬಾಗಿಲು ನಮಗೆಲ್ಲ ಗೊತ್ತು. ಆದರೆ ಅದು ಅಗಲಕ್ಕೆ ಹಿಗ್ಗುತ್ತದೆಯೇ ಹೊರತು ಉದ್ದಕ್ಕೆ ಹಿಗ್ಗುವುದು ಕಾಣುವುದೇ ಇಲ್ಲ ಎಂಬುದನ್ನು ಗಮನಿಸಿದವರು ಕಡಿಮೆ. ಮರದ ಜೀವಕೋಶದ ಗೋಡೆಯಲ್ಲಿ ಸೆಲ್ಯುಲೋಸಿನ ಅತಿಸೂಕ್ಷ್ಮ ಎಳೆಗಳು ಹೆಚ್ಚುಕಡಿಮೆ ಕಾಂಡದ ಉದ್ದಕ್ಕೇ ಸಾಗುತ್ತವೆ. ನೀರು ಎಳೆಗಳ ನಡುವೆ ಹೊಕ್ಕು ಅವನ್ನು ದೂರ ಸರಿಸುತ್ತದೆ, ಆರಿದಾಗ ಅವು ಹತ್ತಿರ ಬರುತ್ತವೆ. ಎಳೆಯ ಉದ್ದ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಹಸಿಮರ ಪೂರ್ತಿ ಒಣಗಿದಾಗ ನಾರಿನ ಉದ್ದಕ್ಕೆ ಶೇಕಡ 0.1ರಿಂದ 0.3ರಷ್ಟು ಮಾತ್ರ ಕುಗ್ಗಿದರೆ, ನಾರಿಗೆ ಅಡ್ಡಲಾಗಿ, ಬೆಳವಣಿಗೆಯ ಉಂಗುರಗಳ ಗುಂಟ, ಶೇಕಡ 5ರಿಂದ 10ರಷ್ಟು ಕುಗ್ಗುತ್ತದೆ. ಒಂದೇ ಹಲಗೆಯಲ್ಲಿ ಎರಡು ದಿಕ್ಕಿಗೆ ಇಷ್ಟು ಅಂತರ!

ಈಗ ಎರಡು ಪದರಗಳನ್ನು ನಾರು ಒಂದಕ್ಕೊಂದು ಅಡ್ಡ ಬರುವಂತೆ ಅಂಟಿಸಿ ಒಣಗಲು ಬಿಡಿ. ಒಂದು ಪದರ ಕುಗ್ಗಲು ಎಳೆಯುತ್ತದೆ, ಇನ್ನೊಂದು ಆ ದಿಕ್ಕಿನಲ್ಲಿ ಕುಗ್ಗಲಾರದು. ಇಬ್ಬರಿಗೂ ಒಪ್ಪುವ ದಾರಿ ಒಂದೇ: ಹಲಗೆ ಬಾಗಬೇಕು, ಕುಗ್ಗುವ ಪದರ ಒಳಮೈಯಾಗಬೇಕು. ಎಷ್ಟು ಬಾಗುತ್ತದೆ ಎಂಬ ಲೆಕ್ಕದ ತಿರುಳು ಹಳೆಯದು. ಬಿಸಿಗೆ ಬಾಗುವ ಜೋಡಿಲೋಹದ ಪಟ್ಟಿಗಾಗಿ ಸ್ಟೀಫನ್ ಟಿಮೊಶೆಂಕೊ 1925ರಲ್ಲೇ ಸೂತ್ರ ಕೊಟ್ಟಿದ್ದರು. ಪದರಗಳ ಪ್ರಮಾಣ ಹಾಗೇ ಇಟ್ಟು ಒಟ್ಟು ದಪ್ಪವನ್ನು ಎರಡು ಪಟ್ಟು ಮಾಡಿದರೆ ಬಾಗಿನ ತ್ರಿಜ್ಯವೂ ಎರಡು ಪಟ್ಟಾಗುತ್ತದೆ. ಲೋಹದ ಬಿಸಿಯ ಜಾಗದಲ್ಲಿ ಮರದ ತೇವ ಕೂತಿದೆ, ಅಷ್ಟೆ. ನೂರು ಸಲ ವಿವರಿಸಿದರೂ ನನಗೆ ಬೇಸರ ಬರದ ಸಂಗತಿ ಇದು.

ಉರ್ಬಾಖ್‌ನ ಸ್ಪ್ರೂಸ್ ಹಲಗೆಗಳನ್ನು ಸಪಾಟಾಗಿಯೇ ಅಂಟಿಸಿ, ತೇವಾಂಶ ಶೇಕಡ 22ರಿಂದ 12ಕ್ಕೆ ಇಳಿಯುವವರೆಗೆ ಒಣಗಿಸಿದರು. ಮರದ ಕಾರ್ಖಾನೆಗಳಲ್ಲಿ ಮೊದಲಿನಿಂದಲೂ ಇರುವ ಒಣಗಿಸುವ ಕೋಣೆಯೇ ಇಲ್ಲಿ ಅಚ್ಚಿನ ಕೆಲಸ ಮಾಡಿತು. ಮಳೆ ಬಂದರೆ ಹಲಗೆ ಮತ್ತೆ ನೆಟ್ಟಗಾಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಬಾಗಿದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿದ ಮೇಲೆ ಅವು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಹೊರಗೆ ಲಾರ್ಚ್ ಮರದ ಹೊದಿಕೆಯೂ ಇದೆ. ಹಿಂದಕ್ಕೂ ಮುಂದಕ್ಕೂ ಬಾಗುತ್ತಲೇ ಇರಬೇಕೆಂದರೆ ಎರಡು ಪದರದ ಹಲಗೆಯನ್ನು ಇನ್ನೊಂದಕ್ಕೆ ಅಂಟಿಸದೆ ಬಿಡಿಯಾಗಿ ಬಿಡಬೇಕು. ಪೈನ್ ಕಾಯಿಯ ಸಿಪ್ಪೆಗಳು ಒಣಹವೆಗೆ ತೆರೆದು ತೇವಕ್ಕೆ ಮುಚ್ಚುವುದು ಹೀಗೆಯೇ, ಉದುರಿ ಬಿದ್ದ ಸತ್ತ ಕಾಯಿಯಲ್ಲೂ ಅದು ನಡೆಯುತ್ತದೆ. ಮೆಂಗಸ್ ಅವರ ತಂಡವೇ 2012ರಲ್ಲಿ ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರಕ್ಕಾಗಿ ಮಾಡಿದ ರಚನೆಯಲ್ಲಿ ತೆಳು ಮರದ ರೆಕ್ಕೆಗಳು ಮೋಟಾರಿನ ಹಂಗಿಲ್ಲದೆ, ಗಾಳಿಯ ತೇವವೊಂದರಿಂದಲೇ ತೆರೆದು ಮುಚ್ಚುತ್ತಿದ್ದವು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಲೇಬೇಕು. ಕಂಪ್ಯೂಟರಿಗೆ ಮರ ಗೊತ್ತಿದೆ ಎಂದು ಜನ ನಂಬುತ್ತಾರೆ. ಅದಕ್ಕೆ ಗೊತ್ತಿರುವುದು ನಾವು ಕೊಟ್ಟ ಅಂಕಿ ಮಾತ್ರ. ಉಕ್ಕಿಗಾದರೆ ಪುಸ್ತಕದ ಒಂದು ಅಂಕಿ ಸಾಕಾಗಬಹುದು. ಮರದಲ್ಲಿ ಪ್ರತಿ ಹಲಗೆಯ ಗಡುಸು ಬೇರೆ, ತೇವ ಬೇರೆ, ಉಂಗುರಗಳ ಓರೆ ಬೇರೆ. ದಿಮ್ಮಿಯ ನಡುವಿನಿಂದ ಕೊಯ್ದ ಹಲಗೆಗೂ ಅಂಚಿನದಕ್ಕೂ ಕುಗ್ಗುವಿಕೆಯಲ್ಲಿ ಸುಮಾರು ಎರಡು ಪಟ್ಟು ವ್ಯತ್ಯಾಸ ಬರಬಹುದು. ಅಳೆಯದೆ ಲೆಕ್ಕಕ್ಕಿಟ್ಟರೆ ಉತ್ತರ ಅಚ್ಚುಕಟ್ಟಾಗಿ ಬರುತ್ತದೆ, ಹಲಗೆ ಬೇರೆ ಕಡೆ ಬಾಗುತ್ತದೆ.

ನಮ್ಮ ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆಯೂ ಇಲ್ಲೇ ಇದೆ. ಸ್ಪ್ರೂಸ್ ಮರದ ಅಂಕಿ ಸಾಗುವಾನಿಗೆ, ಹೊನ್ನೆಗೆ, ಕಾಫಿ ತೋಟದ ಸಿಲ್ವರ್ ಓಕಿಗೆ ಸಲ್ಲದು. ಜುಲೈ ತಿಂಗಳ ಮಂಗಳೂರಿನಲ್ಲಿ ಮರ ಹಿಡಿದಿಡುವ ತೇವವೇ ಬೇರೆ, ಏಪ್ರಿಲಿನ ಬಳ್ಳಾರಿಯಲ್ಲಿ ಬೇರೆ. ಮರವನ್ನೇ ಅಧ್ಯಯನ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಬೆಂಗಳೂರಿನ ಮಲ್ಲೇಶ್ವರದಲ್ಲಿದೆ. ವಾಸ್ತುಶಿಲ್ಪ ಓದುವವರು ಅತ್ತ ಹೆಜ್ಜೆ ಹಾಕಲಿ, ಬಡಗಿಗಳ ಜೊತೆ ಕೂತು ಮಾತಾಡಲಿ. ಮನೆಯಲ್ಲೇ ಶುರುಮಾಡಲೂ ಅಡ್ಡಿಯಿಲ್ಲ. ತೆಳುವಾದ ಎರಡು ಹಸಿ ಪಟ್ಟಿಗಳನ್ನು ನಾರು ಅಡ್ಡಡ್ಡ ಬರುವಂತೆ, ತೇವದಲ್ಲೂ ಹಿಡಿಯುವ ಅಂಟಿನಿಂದ ಅಂಟಿಸಿ, ತೂಗಿ, ನೆರಳಲ್ಲಿ ಒಣಗಿಸಿ. ದಿನವೂ ತೂಕವನ್ನೂ ಬಾಗನ್ನೂ ಬರೆದಿಟ್ಟು, ಟಿಮೊಶೆಂಕೊ ಸೂತ್ರದ ಉತ್ತರದ ಪಕ್ಕದಲ್ಲಿಟ್ಟು ನೋಡಿ.