ಕಬ್ಬಿನೊಳಗಿನ ಕಳ್ಳ

ಸೋಮನಾಥಪುರಕ್ಕೆ ಹೋದವರು ಕೇಶವ ದೇವಾಲಯದ ಮೂರು ಶಿಖರಗಳನ್ನು ಕಂಡು ಬೆರಗಾಗಿ ಹಿಂದಿರುಗುವರು. ಆ ಸೀಮೆಯ ಕಬ್ಬಿನ ಗದ್ದೆಗಳತ್ತ ಕಣ್ಣು ಹಾಯಿಸುವವರು ವಿರಳ. ಆದರೆ ಕಾವೇರಿ-ಕಪಿಲೆಗಳ ಬಯಲಿನ ರೈತನ ವರ್ಷದ ದುಡಿಮೆಯೆಲ್ಲ ಆ ಜಲ್ಲೆಗಳಲ್ಲಿಯೇ ಇದೆ. ಕಡಿದ ಮೇಲೆ ಅದನ್ನು ಕದಿಯತೊಡಗುವ ಕಳ್ಳನೊಬ್ಬನು ಜಲ್ಲೆಯೊಳಗೇ ಅಡಗಿರುವನು. ಹೆಸರು ಇನ್ವರ್ಟೇಸ್, ಕುಲದಲ್ಲಿ ಕಿಣ್ವ.

ಕಿಣ್ವವೆಂದರೆ ಜೀವಕೋಶವು ತಯಾರಿಸುವ ಪ್ರೋಟೀನು. ತಾನು ಸವೆಯದೆ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವುದು ಅದರ ಗುಣ. ಅದರ ಮೈಯಲ್ಲಿ ಒಂದು ಗೂಡುಂಟು. ಅದಕ್ಕೆ ಹೊಂದುವ ವಸ್ತುವಿಗೆ ಮಾತ್ರ ಅಲ್ಲಿ ಪ್ರವೇಶ. ಇನ್ವರ್ಟೇಸಿನ ಗೂಡಿಗೆ ಬಿದ್ದ ಸುಕ್ರೋಸ್, ನೀರಿನ ನೆರವಿನಿಂದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಎರಡಾಗಿ ಸೀಳುವುದು. ಬೆಳೆಯುವ ಕಬ್ಬಿಗೆ ಇದು ಉಪಕಾರವೇ. ಎಳೆಯ ಗಿಣ್ಣುಗಳಿಗೆ ಆಹಾರ ದೊರೆಯುವುದು ಹೀಗೆ. ಕಡಿದ ಕಬ್ಬಿನಲ್ಲಿ ಮಾತ್ರ ಇದು ಶುದ್ಧ ನಷ್ಟ. ಸೀಳಿದ ಸಕ್ಕರೆ ಸುಲಭವಾಗಿ ಹರಳುಗಟ್ಟದು. ಅದು ಹೆಚ್ಚಾದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಜಿಗುಟಾಗಿ, ಮಳೆಗಾಲದಲ್ಲಿ ನೀರೊಡೆಯುವುದು.

1913ರಲ್ಲಿ ಬರ್ಲಿನ್ನಿನಲ್ಲಿ ಲಿಯೊನೊರ್ ಮೈಕೇಲಿಸ್ ಮತ್ತು ಕೆನಡಾದ ವೈದ್ಯೆ ಮಾಡ್ ಮೆಂಟೆನ್ ಈ ಕಿಣ್ವದ ವೇಗವನ್ನೇ ಅಳೆದರು. ಸಕ್ಕರೆ ಹೆಚ್ಚಿದಂತೆ ವೇಗ ಹೆಚ್ಚುವುದು. ಆದರೆ ಒಂದು ಮಿತಿಯವರೆಗೆ ಮಾತ್ರ. ಗಾಣದ ಬಾಯಿ ಒಂದೇ ಆಗಿರುವಾಗ ಮುಂದೆ ಎಷ್ಟು ಕಬ್ಬು ರಾಶಿ ಹಾಕಿದರೇನು?

ಬಿಸಿಲು ಏರಿದಂತೆ ಈ ಕಳ್ಳನ ಕೈ ಚುರುಕಾಗುವುದು. ಆದುದರಿಂದಲೇ ಕಡಿದ ಕಬ್ಬನ್ನು ನೆರಳಿಗೆ ಹಾಕಿ, ತರಗು ಮುಚ್ಚಿ, ನೀರು ಚಿಮುಕಿಸುವುದು. ಕಾರ್ಖಾನೆಯ ಮುಂದೆ ಬಿಸಿಲಿನಲ್ಲಿ ದಿನಗಟ್ಟಲೆ ಸಾಲುಗಟ್ಟಿ ನಿಂತ ಗಾಡಿಯ ಕಬ್ಬು ತೂಕವನ್ನೂ ಸಕ್ಕರೆಯನ್ನೂ ಒಟ್ಟಿಗೆ ಕಳೆದುಕೊಳ್ಳುವುದು. ಕಡಿದ ತುದಿಗಳಿಂದ ಒಳನುಗ್ಗುವ ಸೂಕ್ಷ್ಮಜೀವಿಗಳು ತಮ್ಮ ಕಿಣ್ವಗಳನ್ನೂ ಕೂಡಿಸುವುವು.

ಆದರೆ ಶಾಖ ಅತಿಯಾದರೆ ಕಿಣ್ವಕ್ಕೇ ಮರಣ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಮೊದಲೇ, ಬೆಂದ ಮೊಟ್ಟೆಯ ಬಿಳಿಯಂತೆ, ಅದರ ರಚನೆ ಕೆಡುವುದು, ಗೂಡು ಕುಸಿಯುವುದು. ತಣಿಸಿದರೂ ಅದು ಮತ್ತೆ ಎದ್ದೇಳದು. ಹಾಲಿಗೆ ಸುಣ್ಣದ ತಿಳಿ ಹಾಕುವುದರಲ್ಲಿಯೂ ಜಾಣತನವುಂಟು. ಕಬ್ಬಿನ ಹಾಲು ಸ್ವಭಾವತಃ ತುಸು ಆಮ್ಲ. ಇನ್ವರ್ಟೇಸಿಗೆ ಹಿತವಾದುದೂ ಅದೇ. ಕುದಿಯುವಾಗಲಂತೂ ಕಿಣ್ವವಿಲ್ಲದೆಯೂ ಆಮ್ಲವೊಂದೇ ಸುಕ್ರೋಸನ್ನು ಸೀಳಬಲ್ಲದು. ಸುಣ್ಣ ಆ ಆಮ್ಲವನ್ನು ತಗ್ಗಿಸಿ ಕಶ್ಮಲವನ್ನೂ ಬೇರ್ಪಡಿಸುವುದು. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುವುದು. ಅದರ ಹದ ಬಲ್ಲ ಕೈಗೆ ಆಲೆಮನೆಯಲ್ಲಿ ಇಂದಿಗೂ ಬೆಲೆಯಿದೆ.

ಇದೇ ಕಳ್ಳನಿಗೆ ಮಿಠಾಯಿ ತಯಾರಕರು ಕರೆದು ಕೆಲಸ ಕೊಟ್ಟಿದ್ದಾರೆ. ಕೆಲವು ಚಾಕೊಲೇಟುಗಳನ್ನು ಕಚ್ಚಿದಾಗ ಒಳಗಿನಿಂದ ಪಾಕ ಜಿನುಗುವುದಷ್ಟೆ? ಗಟ್ಟಿಯಾದ ಸಕ್ಕರೆ ಕಣಕದಲ್ಲಿ ಇನ್ವರ್ಟೇಸ್ ಬೆರೆಸಿ ಮುಚ್ಚಿಟ್ಟರೆ, ಕೆಲವು ವಾರಗಳಲ್ಲಿ ಅದು ಒಳಗೇ ಕರಗಿ ಪಾಕವಾಗಿರುತ್ತದೆ.