ವೈದ್ಯವಿದ್ಯೆಯ ಹೊಸ್ತಿಲಲ್ಲಿ

ವೈದ್ಯವೃತ್ತಿಯು ಮನುಷ್ಯನ ಪ್ರಾಣಕ್ಕೆ ಸಂಬಂಧಿಸಿದ್ದು. ಆದುದರಿಂದ ಅದನ್ನು ಕಲಿಯಬಯಸುವವರನ್ನು ಪರೀಕ್ಷಿಸಿ ಆರಿಸುವ ಪದ್ಧತಿ ಹಲವು ದೇಶಗಳಲ್ಲಿದೆ. ನಮ್ಮಲ್ಲಿ ಪದವಿಪೂರ್ವ ಶಿಕ್ಷಣ ಮುಗಿದೊಡನೆಯೇ ಆ ಪರೀಕ್ಷೆ ಎದುರಾಗುತ್ತದೆ. ಅಮೆರಿಕದಲ್ಲಾದರೋ ವಿದ್ಯಾರ್ಥಿಗಳು ಸಾಮಾನ್ಯವಾಗಿ ನಾಲ್ಕು ವರ್ಷಗಳ ಪದವಿ ಶಿಕ್ಷಣವನ್ನು ಪಡೆದು ಅನಂತರ ವೈದ್ಯಕೀಯ ಕಾಲೇಜನ್ನು ಸೇರುತ್ತಾರೆ. ಪದವಿಯಲ್ಲಿ ಏನನ್ನು ಓದಬೇಕೆಂಬ ಆಯ್ಕೆ ಬಹುಮಟ್ಟಿಗೆ ಅವರದೇ. ಆದುದರಿಂದ, ಕಠಿನವಾದ ವಿಜ್ಞಾನ ವಿಷಯಗಳನ್ನು ಪ್ರವೇಶ ಪರೀಕ್ಷೆಗೆ ಮೊದಲೇ ಓದಬೇಕೆ, ಬೇಡವೆ ಎಂಬ ಪ್ರಶ್ನೆ ಅವರನ್ನು ಕಾಡುತ್ತದೆ. ಓದಿ ಅಂಕ ಕುಗ್ಗಿದರೆ ಪ್ರವೇಶ ಕೈತಪ್ಪಬಹುದು. ಓದದಿದ್ದರೆ ಪರೀಕ್ಷೆಯಲ್ಲಿ ತೊಡಕಾಗಬಹುದು.

ಈ ವಿಷಯಗಳಿಗೆ ಇಷ್ಟು ಮಹತ್ತ್ವ ಬಂದುದು ಹೇಗೆ? 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬ ಶಿಕ್ಷಣತಜ್ಞನು ಅಮೆರಿಕ ಮತ್ತು ಕೆನಡಗಳ 155 ವೈದ್ಯಶಾಲೆಗಳನ್ನು ಪರಿಶೀಲಿಸಿ ಒಂದು ವರದಿಯನ್ನು ಪ್ರಕಟಿಸಿದನು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳ ತಳಹದಿಯಿಲ್ಲದೆ ವೈದ್ಯವಿದ್ಯೆ ನಿಲ್ಲದೆಂದು ಅವನು ವಾದಿಸಿದನು. ಮುಂದೆ, ಕಾಲೇಜನ್ನು ಸೇರಿದ ಅನೇಕರು ನಡುವೆಯೇ ಓದು ಬಿಡುತ್ತಿದ್ದುದನ್ನು ಕಂಡು, 1928ರಲ್ಲಿ ಪ್ರವೇಶ ಪರೀಕ್ಷೆಯನ್ನು ಆರಂಭಿಸಲಾಯಿತು.

2015ರಲ್ಲಿ ಈ ಪರೀಕ್ಷೆಯ ಸ್ವರೂಪ ಬದಲಾಯಿತು. ಅದರ ನಾಲ್ಕು ಭಾಗಗಳಲ್ಲಿ ಎರಡು ಮುಖ್ಯವಾಗಿ ವಿಜ್ಞಾನಕ್ಕೆ ಸೇರಿದವು. ಆ ಎರಡರಲ್ಲಿಯೂ ಸುಮಾರು ಕಾಲುಭಾಗದಷ್ಟು ಪ್ರಶ್ನೆಗಳು ಜೀವರಸಾಯನಶಾಸ್ತ್ರಕ್ಕೆ ಸಂಬಂಧಿಸಿರುತ್ತವೆ. ಹೀಗಿರುವಾಗ ಆ ವಿಷಯವನ್ನು ಮೊದಲೇ ಓದಿದವನಿಗೆ ಅನುಕೂಲವೆಂಬುದು ಸ್ಪಷ್ಟ. ಆದರೆ ಅದನ್ನು ನೇರವಾಗಿ ಹಿಡಿಯಲಾಗದು. ಸಾಮಾನ್ಯ ರಸಾಯನಶಾಸ್ತ್ರ, ಅನಂತರ ಸಾವಯವ ರಸಾಯನಶಾಸ್ತ್ರ, ಆಮೇಲೆ ಜೀವರಸಾಯನಶಾಸ್ತ್ರ: ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಇದಕ್ಕೆ ಪ್ರತಿಯಾಗಿ, ಕ್ವಾಂಟಂ ಸಿದ್ಧಾಂತದಂತಹ ಉನ್ನತ ವ್ಯಾಸಂಗ ಈ ಪರೀಕ್ಷೆಗೆ ಅಗತ್ಯವಿಲ್ಲ. ಅದರಲ್ಲಿ ಆಸಕ್ತಿಯುಳ್ಳವನು ಓದಲಿ. ಹೆಚ್ಚುಗಾರಿಕೆಗಾಗಿ ಹೊರೆ ಹೊರಬೇಕಾದುದಿಲ್ಲ.

ಪರೀಕ್ಷೆ ಮುಗಿದ ಮೇಲೂ ಈ ಜ್ಞಾನದ ಪ್ರಯೋಜನ ಮುಗಿಯುವುದಿಲ್ಲ. ಕೊಳವೆಯಲ್ಲಿ ದ್ರವವು ಸಮನಾಗಿ ಹರಿಯುವಾಗ, ಒತ್ತಡ ಬದಲಾಗದೆ ಕೊಳವೆಯ ತ್ರಿಜ್ಯ ಮಾತ್ರ ಅರ್ಧವಾದರೆ, ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಭೌತಶಾಸ್ತ್ರದ ಈ ನಿಯಮವನ್ನರಿತ ವೈದ್ಯನು ರಕ್ತನಾಳವು ಸ್ವಲ್ಪ ಕಿರಿದಾದುದನ್ನೂ ಅಲಕ್ಷಿಸಲಾರನು.

ಆದರೂ ಕಠಿನ ವಿಷಯಗಳ ದಾರಿಯೊಂದೇ ದಾರಿಯಲ್ಲ. ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಕಾಲೇಜು 1987ರಲ್ಲಿ ಹೊಸದೊಂದು ಪ್ರಯೋಗ ಕೈಗೊಂಡಿತು. ಸಾಹಿತ್ಯ, ಇತಿಹಾಸ ಮುಂತಾದುವನ್ನು ಓದುತ್ತಿದ್ದ ಕೆಲವರನ್ನು, ಸಾವಯವ ರಸಾಯನಶಾಸ್ತ್ರವನ್ನಾಗಲಿ ಪ್ರವೇಶ ಪರೀಕ್ಷೆಯನ್ನಾಗಲಿ ವಿಧಿಸದೆ ಅದು ಆಯ್ದುಕೊಂಡಿತು. ಅವರಿಗೆ ಅಗತ್ಯವಾದ ವಿಜ್ಞಾನದ ಅಂಶಗಳನ್ನು ಬೇಸಗೆಯ ತರಗತಿಗಳಲ್ಲಿ ಕಲಿಸಲಾಯಿತು. 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವರು ಒಟ್ಟಿನಲ್ಲಿ ಇತರರಿಗೆ ಸರಿಸಮನಾಗಿ ಓದಿದರು. ವಿಜ್ಞಾನವು ಬೇಡವೆಂಬುದು ಇದರ ಅರ್ಥವಲ್ಲ. ಅದನ್ನು ಅವರೂ ಕಲಿತರು, ಕಲಿತ ಬಗೆ ಮಾತ್ರ ಬೇರೆ.

ಆದುದರಿಂದ ವಿದ್ಯಾರ್ಥಿಯು ವಿಷಯದ ಹೆಸರಿಗೆ ಅಂಜಿ ಹಿಂಜರಿಯಬಾರದು. ನಾಲ್ವರು ಮೆಚ್ಚಲೆಂದು ಅದನ್ನು ಮೈಮೇಲೆ ಎಳೆದುಕೊಳ್ಳಲೂ ಬಾರದು. ಅದು ಯಾವುದಕ್ಕೆ ಬೇಕು, ಅದಕ್ಕೆ ಮೊದಲು ಏನನ್ನು ಕಲಿತಿರಬೇಕು, ಕಲಿಯಲು ತನಗೆ ಎಷ್ಟು ಕಾಲವಿದೆ ಎಂಬುದನ್ನು ವಿಚಾರಿಸಿ ನಿರ್ಧರಿಸಬೇಕು. ಅಡಿಪಾಯವನ್ನು ಭದ್ರಪಡಿಸಿಕೊಂಡವನಿಗೆ ಇಂದಿನ ಕಠಿನ ವಿಷಯವು ನಾಳೆ ಸುಲಭವಾಗುತ್ತದೆ.